ಬಾಯಿಗೆ ಏನೂ ಕೊಡಬಾರದು

ಗುರುವಾರ ಬೆಳಿಗ್ಗೆಯೂ ಮಲಕಪ್ಪನವರು ಪೂಜೆ ಮುಗಿಸಿ, ಲಿಂಗದ ಮೇಲೆ ಎರೆದ ನೀರನ್ನು ಬಾಯಿಗೆ ತೆಗೆದುಕೊಳ್ಳದೆ, ಕಿಟಕಿಯ ಸರಳಿನಾಚೆ ಇಟ್ಟಿದ್ದ ದಾಸವಾಳದ ಕುಂಡಕ್ಕೆ ಸುರಿದುಬಿಟ್ಟರು. ಸುರಿದ ಮೇಲೆ ಹಿಂದಿರುಗಿ ನೋಡಿದರು. ಸೊಸೆ ನೀತಾ ಅಡಿಗೆಮನೆಯಲ್ಲಿ ಡಬ್ಬಿ ಕಟ್ಟುತ್ತಿದ್ದಳು, ನೋಡಿರಲಿಲ್ಲ. ಇದು ಮೂರನೆಯ ದಿನ. ದೀಕ್ಷೆಯಾದ ಎಂಟನೆಯ ವಯಸ್ಸಿನಿಂದ ಇಂದಿನ ಎಪ್ಪತ್ತೆರಡರ ತನಕ ತೀರ್ಥ ತೆಗೆದುಕೊಳ್ಳದೆ ಅವರು ಅನ್ನ ಮುಟ್ಟಿದವರಲ್ಲ. ಈಗ ತೀರ್ಥವನ್ನೇ ಮುಟ್ಟದಿದ್ದುದರಿಂದ ಅನ್ನವನ್ನೂ ಮುಟ್ಟುವ ಹಾಗಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿನ್ನುತ್ತೇನೆ ಎಂದು ಮನೆಯಲ್ಲಿ, ಮನೆಯಲ್ಲಿ ತಿಂದು ಬಂದೆ ಎಂದು ಆಸ್ಪತ್ರೆಯಲ್ಲಿ ಹೇಳಿ, ಚಹಾ ಮತ್ತು ಬಾಳೆಹಣ್ಣಿನ ಮೇಲೆ ದಿನ ದೂಡಿದ್ದರು. ಚಹಾ ಅನ್ನವಲ್ಲ, ಬಾಳೆಹಣ್ಣೂ ಅನ್ನವಲ್ಲ ಎಂದು ಮನಸ್ಸನ್ನು ಒಪ್ಪಿಸಿದ್ದರು. ಹೀಗೆ ಮನಸ್ಸನ್ನು ಒಪ್ಪಿಸುವ ಅಭ್ಯಾಸವೇ ಎಲ್ಲಕ್ಕೂ ಮೂಲ ಎಂದು ಅಂಗಿ ಹಾಕಿಕೊಳ್ಳುವಾಗ ಅನ್ನಿಸಿತು. ಅಂಗಿಯ ಒಳಗೆ ಎರಡು ಬೆಳ್ಳಿಯ ಕರಡಿಗೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಒಂದರಲ್ಲಿ ಅವರ ಲಿಂಗ. ಇನ್ನೊಂದರಲ್ಲಿ ಹೆಂಡತಿ ಶಿವಗಂಗವ್ವನದು.

ಕಳೆದ ಶುಕ್ರವಾರ ಆಪರೇಷನ್ನಿಗೆ ಒಯ್ಯುವ ಮೊದಲು ಮೈಮೇಲಿನದೆಲ್ಲವನ್ನೂ ತೆಗೆದುಕೊಡಿ ಎಂದು ನರ್ಸು ಹೇಳಿದ್ದಳು. ಶಿವಗಂಗವ್ವ ತಾಳಿ, ಕಾಲುಂಗುರ, ಬಳೆ, ಕೂದಲಿನ ಪಿನ್ನು ಎಲ್ಲವನ್ನೂ ಒಗೆಯಲು ಬಟ್ಟೆ ಕೊಡುವವಳಂತೆ ಒಂದೊಂದಾಗಿ ಕೊಟ್ಟಳು. ಕರಡಿಗೆಯ ಮೇಲೆ ಕೈ ಹೋದಾಗ ಮಾತ್ರ ಕೈ ಅಲ್ಲಿಯೇ ನಿಂತಿತು. ಸ್ನಾನದಲ್ಲಿ, ಜ್ವರದಲ್ಲಿ, ಶಿವರಾಜನನ್ನು ಹೆತ್ತ ಹೊತ್ತಿನಲ್ಲಿ ಕೂಡ ಮೈಬಿಟ್ಟು ಇರದಿದ್ದದ್ದು. ಇದೂ ಲೋಹವೇ ಅಲ್ಲವೇ ಆಜಿ ಎಂದು ನರ್ಸು ಮರಾಠಿಯಲ್ಲಿ ಮೆತ್ತಗೆ ಕೇಳಿದಳು. ಶಿವಗಂಗವ್ವ ಗಂಡನನ್ನು ಹತ್ತಿರ ಕರೆದು, ಬಗ್ಗಿಸಿ, ತನ್ನ ಶಿವದಾರವನ್ನು ತಾನೇ ಅವರ ಕೊರಳಿಗೆ ಹಾಕಿದಳು. "ನಿಮ್ಮದರ ಸಂಗಾಟ ಇರ್ಲಿ. ಕೆಳಗ ಇಡಬ್ಯಾಡ್ರಿ," ಎಂದಳು. "ನಾ ಬರೂತನಾ ನನ್ನ ಪೂಜಿನೂ ನಿಮ್ದಽ." ಆಮೇಲೆ ಅವಳ ಮಂಚದ ಗಾಲಿಗಳು ಕಿರುಗುಟ್ಟುತ್ತ ಹೋದವು. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳು ಅವರ ಕೊರಳಿಗೆ ಕೈ ತಂದದ್ದು, ಮದುವೆಯ ಮಾಲೆಯನ್ನು ಬಿಟ್ಟರೆ, ಅದೇ ಮೊದಲ ಸಲವೇನೋ ಎಂದು ಅವರು ಆ ಮೂರು ತಾಸೂ ಲೆಕ್ಕ ಹಾಕುತ್ತ ಕುಳಿತಿದ್ದರು.

ಪುಣೆಯ ಕ್ಯಾಂಪ್ ಪ್ರದೇಶದ ಬೀದಿಯಲ್ಲಿ ಅಂಗಡಿಗಳ ಬಾಗಿಲು ಇನ್ನೂ ಅರ್ಧ ಏರಿದ್ದವು. ಮಗ ಶಿವರಾಜನ ಪಾತ್ರೆ ಅಂಗಡಿ ಮಾತ್ರ ಪೂರ್ತಿ ಮುಚ್ಚಿತ್ತು. ಅವನು ರಾತ್ರಿಯಿಂದ ತಾಯಿಯ ಹತ್ತಿರವೇ ಇದ್ದ. ಬ್ರೆಡ್ಡಿನ ವಾಸನೆ ಬಂದಾಗ ಮಲಕಪ್ಪನವರ ಹೊಟ್ಟೆ ಸದ್ದು ಮಾಡಿತು. ಅವರಿಗೆ ನಾಚಿಕೆಯಾಯಿತು. ಹೊಟ್ಟೆಯ ಸದ್ದು ಈಗ ಅವರ ಮನೆಯಲ್ಲಿ ದೊಡ್ಡ ಮಾತಾಗಿತ್ತು. ಕರುಳು ಹಳೆಯ ಆಪರೇಷನ್ನಿನ ಗಾಯಕ್ಕೆ ಅಂಟಿ ತಿರುಚಿಕೊಂಡಿತ್ತು, ಒಂದು ಗೇಣು ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಹೊಲಿದಿದ್ದೇವೆ ಎಂದು ದೊಡ್ಡ ಡಾಕ್ಟರರು ಕಾಗದದ ಹಿಂಬದಿಯಲ್ಲಿ ಎರಡು ಕೊಳವೆ ಬರೆದು ತೋರಿಸಿದ್ದರು. ಆ ಕಾಗದ ಒಪ್ಪಿಗೆಯ ಪತ್ರದ್ದೇ ಒಂದು ಹಾಳೆ. ಶಿವರಾಜ ಅದಕ್ಕೆ ಓದದೆ ಸಹಿ ಹಾಕಿದ್ದ. ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕ್ಲರ್ಕ್ ಆಗಿದ್ದ, ಚೀಟಿ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಡದಿದ್ದ ಮಲಕಪ್ಪನವರು ನಾಲ್ಕೂ ಪುಟವನ್ನು ನಿಂತೇ ಓದಿದ್ದರು. ರಕ್ತ ಸೋರಬಹುದು. ಗಾಯ ಕೀವಾಗಬಹುದು. ಎದೆಯಲ್ಲಿ ಕಫ ಕಟ್ಟಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕರುಳು ಕೆಲವು ದಿನ ಕೆಲಸ ಮಾಡದಿರಬಹುದು. ಜೋಡಿಸಿದ ಜಾಗ ಬಿಚ್ಚಿಕೊಳ್ಳಬಹುದು, ಆಗ ಮತ್ತೆ ಹೊಟ್ಟೆ ತೆರೆಯಬೇಕಾಗಬಹುದು. ಏನೇನು ಆಗಬಹುದು ಎಂಬುದೆಲ್ಲ ಅದರಲ್ಲಿ ಇತ್ತು. ಗಂಡನಾದವನು ಏನು ಮಾಡಬಹುದು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಸೋಮವಾರ ಅವರು ಬೇಗ ಎದ್ದಿದ್ದರು. ಶಿವನ ವಾರ. ತಮ್ಮ ಲಿಂಗದ ಪೂಜೆ ಮುಗಿಸಿ ಕರಡಿಗೆಯಲ್ಲಿಟ್ಟು, ಆಮೇಲೆ ಅವಳ ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡರು. ಅದು ಅವರದಕ್ಕಿಂತ ಸಣ್ಣದು, ಅಂಚಿನಲ್ಲಿ ಸವೆದು ಮೆತ್ತಗಾದದ್ದು. ಅವಳ ಎದೆಯ ಬಿಸಿ ಇನ್ನೂ ಅದರಲ್ಲಿ ಇದ್ದಂತಿತ್ತು. ಬಿಲ್ವಪತ್ರೆ ಏರಿಸಿ ನೀರೆರೆದರು. ಎರೆದ ನೀರು ಅವಳದು. ಅವಳ ತೀರ್ಥವನ್ನು ತಾವು ಕುಡಿಯುವುದು ಸರಿಯೋ ಅಲ್ಲವೋ ಎಂದು ಮೂರು ದಿನದಿಂದ ಅವರಿಗೆ ಗೊಂದಲವಿತ್ತು. ಆವತ್ತು ಅದನ್ನು ಸಣ್ಣ ಬೆಳ್ಳಿಯ ಬಟ್ಟಲಿಗೆ ತುಂಬಿ, ಮುಚ್ಚಿ, ಕರವಸ್ತ್ರದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದರು. ಶಿವರಾಜ ಚಹಾಕ್ಕೆ ಹೋಗಿದ್ದ. ಶಿವಗಂಗವ್ವನ ತುಟಿ ಒಣಗಿ ಬಿಳಿಯ ಪೊರೆ ಕಟ್ಟಿತ್ತು. ಕಣ್ಣು ತೆರೆದು, ಮೊದಲು ಅವರ ಹಣೆಯ ವಿಭೂತಿಯನ್ನು ನೋಡಿ, "ಪೂಜಿ ಆತೇನ್ರಿ?" ಎಂದಳು. ಆತು ಎಂದರು. "ನಂದು?" ಎಂದಳು. ನಿಂದೂ ಆತು ಎಂದು ಬಟ್ಟಲು ಬಿಚ್ಚಿದರು. ಮಂಚದ ತಲೆಗೆ ತೂಗುಹಾಕಿದ್ದ ರಟ್ಟಿನ ಮೇಲೆ ಮರಾಠಿಯಲ್ಲಿ, ಬಾಯಿಯಿಂದ ಏನೂ ಕೊಡಬಾರದು ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಅದನ್ನು ಅವರು ಮೊದಲ ದಿನವೇ ತಮ್ಮ ಪಾಕೆಟ್ ಡೈರಿಯಲ್ಲಿ ಬರೆದುಕೊಂಡಿದ್ದರು. ನೀರು ಬೇಡ, ಊಟ ಬೇಡ ಎಂದು ನರ್ಸು ಬಾಯಿಬಿಟ್ಟು ಹೇಳಿದ್ದೂ ಕೇಳಿದ್ದರು. ಆದರೆ ಆ ಹೊತ್ತಿನಲ್ಲಿ, ಬಟ್ಟಲಿನಲ್ಲಿದ್ದದ್ದು ನೀರು ಎಂದು ಅವರಿಗೆ ಹೊಳೆಯಲೇ ಇಲ್ಲ. ಮರೆತರೆಂದಲ್ಲ, ಮುರಿದರೆಂದಲ್ಲ. ಲಿಂಗದ ಮೇಲಿಂದ ಇಳಿದ ಮೇಲೆ ಅದು ಎಂದೂ ಅವರಿಗೆ ನೀರಾಗಿರಲಿಲ್ಲ. ಒಂದು ಚಮಚ ಕೊಟ್ಟರು. ಅವಳು ಕಣ್ಣು ಮುಚ್ಚಿ ನುಂಗಿದಳು. ಇನ್ನೊಂದು ಕೊಟ್ಟರು. ಬಟ್ಟಲನ್ನು ಕರವಸ್ತ್ರದಲ್ಲಿ ಮತ್ತೆ ಕಟ್ಟುವಾಗ ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಆಯಾ ಮರೆಮ್ಮನನ್ನು ಕಂಡರು. ಅವಳ ನೋಟ ಬಟ್ಟಲಿನಿಂದ ಕೆಂಪು ಅಕ್ಷರಕ್ಕೆ, ಕೆಂಪು ಅಕ್ಷರದಿಂದ ಅವರ ಮುಖಕ್ಕೆ ಹೋಯಿತು. ಆಗಲೇ ಅವರಿಗೆ ಅದು ನೀರೆಂದು ಗೊತ್ತಾದದ್ದು.

ಸಂಜೆಯ ಹೊತ್ತಿಗೆ ಶಿವಗಂಗವ್ವನಿಗೆ ಬಿಕ್ಕಳಿಕೆ ಹತ್ತಿತು. ಹೊಟ್ಟೆ ಬಿಗಿದು ನಗಾರಿಯಂತಾಯಿತು. ಹಸಿರು ಹಸಿರಾಗಿ ವಾಂತಿ ಮಾಡಿಕೊಂಡಳು. ಮೂಗಿನಿಂದ ನಳಿಗೆ ಇಳಿಸಲು ಬಂದ ಸಣ್ಣ ಡಾಕ್ಟರು, ವರದಾ ಎಂಬ ಹುಡುಗಿ, ಶಿವರಾಜನಿಗಿಂತ ಹತ್ತು ವರ್ಷವಾದರೂ ಚಿಕ್ಕವಳು, ಕೈಗೆ ಗವಸು ಏರಿಸುತ್ತ, ಬಾಯಿಗೆ ಏನಾದರೂ ಕೊಟ್ಟಿದ್ದೀರಾ ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದಳು. ಶಿವರಾಜ ತಲೆ ಅಲ್ಲಾಡಿಸಿದ. ನೀತಾ ಮಾವನನ್ನು ನೋಡಿದಳು. "ನಾಹಿ, ನಾಹಿ," ಎಂದರು ಮಲಕಪ್ಪನವರು. ಒಂದು ಸಲ ಸಾಕಿತ್ತು. ಎರಡು ಸಲ ಹೇಳಿದರು. ಮಂಚದ ಮೇಲಿಂದ ಶಿವಗಂಗವ್ವ ಅವರನ್ನು ನೋಡುತ್ತಿದ್ದಳು. ಸಿಟ್ಟಿನ ನೋಟವಲ್ಲ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ನೋಡುತ್ತಾರಲ್ಲ, ಹಾಗೆ. ಆಮೇಲೆ ನಳಿಗೆ ಇಳಿಯುವಾಗ ಅವಳು ಕೆಮ್ಮಿದ್ದು, ಕೈಯಿಂದ ಗಾಳಿಯಲ್ಲಿ ಏನನ್ನೋ ಹುಡುಕಿದ್ದು, ಆ ಕೈಯನ್ನು ನೀತಾ ಹಿಡಿದದ್ದು. ಹಿಡಿಯಬೇಕಾದವರು ಗೋಡೆಗೆ ಆತು ನಿಂತಿದ್ದರು, ಎರಡು ಕರಡಿಗೆಗಳನ್ನು ಅಂಗಿಯ ಮೇಲಿಂದ ಒತ್ತಿ ಹಿಡಿದು.

ಮರುದಿನದಿಂದ ಜ್ವರ. ಮರುದಿನದಿಂದಲೇ ಅವರ ಕೈ ತೀರ್ಥದ ಹೊತ್ತಿಗೆ ನಿಲ್ಲತೊಡಗಿದ್ದು. ಅದು ತೀರ್ಥವೇ ಆಗಿದ್ದರೆ ಅವಳಿಗೆ ಹೇಗೆ ಕೆಡುಕು ಮಾಡಿತು? ಬರಿಯ ನೀರಾಗಿದ್ದರೆ ಅರವತ್ತನಾಲ್ಕು ವರ್ಷದಿಂದ ತಾನು ಕುಡಿಯುತ್ತ ಬಂದದ್ದು ಏನು? ಕಾರ್ಖಾನೆಯ ಸ್ಟೋರಿನಲ್ಲಿ ಎರಡು ಪೀಪಾಯಿಗಳ ಚೀಟಿ ಅದಲುಬದಲಾದಾಗ ಎರಡನ್ನೂ ಮುಟ್ಟದೆ ಬೀಗ ಹಾಕಿ ಕೆಮಿಸ್ಟ್ ಬರುವ ತನಕ ಕಾಯುವುದು ನಿಯಮ. ಹಾಗೆಯೇ ಕಾದರು. ಯಾರು ಬಂದು ಬಿಡಿಸಬೇಕೋ ಗೊತ್ತಿರಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ದೊಡ್ಡ ಡಾಕ್ಟರರು ಬಂದು ಹೋಗಿಯಾಗಿತ್ತು. ಶಿವರಾಜ ಮೆಟ್ಟಿಲಲ್ಲೇ ಎದುರಾದ, ಗಡ್ಡ ಬೆಳೆದು ಮುಖ ತಾಯಿಯ ಮುಖದಂತೆ ಕಂಡಿತು. ಮಧ್ಯಾಹ್ನ ಸ್ಕ್ಯಾನ್ ಇದೆಯಂತೆ. ನಳಿಗೆಯ ಮೂಲಕ ಒಂದು ಔಷಧಿ ಬಿಟ್ಟು ಚಿತ್ರ ತೆಗೆಯುತ್ತಾರಂತೆ. ಔಷಧಿ ಜೋಡಣೆಯ ಜಾಗದಿಂದ ಹೊರಗೆ ಸೋರಿದ್ದು ಕಂಡರೆ ಇವತ್ತು ಸಂಜೆಯೇ ಮತ್ತೆ ಹೊಟ್ಟೆ ತೆರೆಯುತ್ತಾರಂತೆ. ಅವಳ ವಯಸ್ಸಿಗೆ, ಒಂದೇ ವಾರದಲ್ಲಿ ಎರಡನೆಯ ಸಲ ಎಂದರೆ ಸುಲಭವಲ್ಲ ಎಂದು ನೇರವಾಗಿಯೇ ಹೇಳಿದರಂತೆ. "ನೀವು ಒಳಗ ಕೂಡ್ರಿ ಅಪ್ಪಾ. ನಾ ರಕ್ತದ್ದು ನೋಡಿ ಬರ್ತೀನಿ," ಎಂದು ಹೊರಟವನು ತಿರುಗಿ ನಿಂತು, "ಅವ್ವನ ಮುಂದ ಮಾರಿ ಸಣ್ಣ ಮಾಡಬ್ಯಾಡ್ರಿ," ಎಂದ. ಮಗ ಹೇಳುವ ಮಾತಲ್ಲ ಅದು. ಆದರೆ ಈ ವಾರದಲ್ಲಿ ಎಲ್ಲರೂ ಎಲ್ಲರಿಗೂ ಏನೇನೋ ಹೇಳುವಂತಾಗಿತ್ತು. ದಿನಕ್ಕೆರಡು ಬಾರಿ ನರ್ಸು ಬಂದು ಮಗ ಸೊಸೆಯ ಎದುರಿಗೇ, ಗ್ಯಾಸ್ ಹೋಯಿತೇ ಆಜಿ, ಎಂದು ಕೂಗಿ ಕೇಳುವಳು. ಗಂಡಸರ ಎದುರು ಆಕಳಿಸುವಾಗಲೂ ಸೆರಗು ಅಡ್ಡ ಹಿಡಿಯುವ ಶಿವಗಂಗವ್ವ ಗೋಡೆಯ ಕಡೆಗೆ ಮುಖ ತಿರುಗಿಸಿ ಇಲ್ಲ ಎಂದು ಕೈ ಆಡಿಸುವಳು. ಕರುಳು ಎಚ್ಚರವಾಯಿತು ಎಂಬುದಕ್ಕೆ ಅದೊಂದೇ ಗುರುತಂತೆ. ಇಡೀ ಮನೆತನ ಈಗ ಅದಕ್ಕಾಗಿ ಶಿವನನ್ನು ಬೇಡಿಕೊಳ್ಳುತ್ತಿತ್ತು.

ಅವಳು ಮಲಗಿದ್ದಳು. ಮೂಗಿನ ನಳಿಗೆಯಿಂದ ಚೀಲಕ್ಕೆ ಹಸಿರು ನೀರು ಇಳಿದು ಅರ್ಧ ತುಂಬಿತ್ತು. ಅವರು ಸ್ಟೂಲಿನ ಮೇಲೆ ಕುಳಿತು, ಅವಳ ಹಣೆಗೆ ವಿಭೂತಿ ಹಚ್ಚಲು ಕೈ ಎತ್ತಿ, ಬಿಸಿಯಿದೆ ಎಂದು ತಿಳಿದದ್ದನ್ನೇ ಮತ್ತೆ ತಿಳಿದು, ಕೈ ಹಿಂದಕ್ಕೆ ತೆಗೆದರು. ಮರೆಮ್ಮ ನೆಲ ಒರೆಸಲು ಬಂದಳು. ಅವಳು ರಾಯಚೂರಿನ ಕಡೆಯವಳು, ಗಾರೆ ಕೆಲಸಕ್ಕೆ ಪುಣೆಗೆ ಬಂದು, ಸೊಂಟ ಹಿಡಿದ ಮೇಲೆ ಇಲ್ಲಿ ಸೇರಿದವಳು. ಕಾಲು ಎತ್ತಿ ಎಂದು ಸನ್ನೆ ಮಾಡಿ ಸ್ಟೂಲಿನ ಕೆಳಗೆ ಒರೆಸುತ್ತ, ತಲೆ ಎತ್ತದೆ ಮಾತಾಡಿದಳು.

"ಏನ್ ಮುತ್ಯಾ, ಇವತ್ತ ಬಟ್ಟಲಾ ತಂದಿಲ್ಲೇನು?"

ಅವರು ಬಾಗಿಲ ಕಡೆಗೊಮ್ಮೆ ನೋಡಿದರು.

"ನಾ ಯಾರ ಮುಂದೂ ಅಂದಿಲ್ಲ. ನನಗ್ಯಾಕ ಬೇಕು. ಆದ್ರ ನಿನ್ನ ಮಾರಿ ನೋಡಿದ್ರ ಊರೆಲ್ಲಾ ಡಂಗುರಾ ಹೊಡದಂಗ ಅದ ನೋಡು." ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದಳು. "ಹೇಳಿಬಿಡು. ಹೇಳಿದ್ರ ಬೈತಾರ, ಬಿಡ್ತಾರ. ಬೈಸ್ಕೊಂಡ ರೊಟ್ಟಿ ತಿನ್ನಕ್ಕ ಬರ್ತೈತಿ."

ಎಪ್ಪತ್ತೆರಡು ವರ್ಷದ ಮನುಷ್ಯನಿಗೆ ಏಕವಚನದಲ್ಲಿ, ಕಸ ಒರೆಸುವವಳು. ಆದರೆ ಅವರಿಗೆ ಸಿಟ್ಟು ಬರಲಿಲ್ಲ. ಬೆನ್ನ ಮೇಲೆ ಯಾರೋ ಕೈ ಇಟ್ಟಂತಾಯಿತು. ಎಲ್ಲಿಂದಲೋ ತಾಯಿಯ ಧ್ವನಿ ನೆನಪಾಯಿತು. ಸೊಲ್ಲಾಪುರದ ಆಸ್ಪತ್ರೆ, ಬೇಸಿಗೆ, ಕಬ್ಬಿಣದ ಮಂಚ. ಅವರಿಗೆ ಆಗ ಇಪ್ಪತ್ತಾರು. ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದ ತಾಯಿ, ಮಲಕೂ ಒಂದ ಗುಟುಕು, ಒಂದ ಗುಟುಕು, ಎಂದು ಹಗಲೆಲ್ಲ ಕೇಳಿದ್ದಳು. ಡಾಕ್ಟರು ಬೇಡ ಎಂದಿದ್ದರು. ಅವರು ಹಸಿ ಅರಿವೆಯಿಂದ ತುಟಿ ಒರೆಸಿದ್ದರೇ ಹೊರತು ಒಂದು ಹನಿ ಒಳಗೆ ಬಿಟ್ಟಿರಲಿಲ್ಲ. ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಅವಳು ಹೋದಳು. ನಿಯಮ ಪಾಲಿಸಿದ ಮಗ ಎಂದು ಡಾಕ್ಟರು ಬೆನ್ನು ತಟ್ಟಿದ್ದರು. ಸೋಮವಾರ ಬಟ್ಟಲು ಬಿಚ್ಚಿದಾಗ ಎದುರಿಗಿದ್ದ ಒಣ ತುಟಿ ಯಾರದೆಂದು ಅವರಿಗೆ ಈಗಲೂ ಖಚಿತವಿಲ್ಲ. ಅಂದು ಕೊಡದೆ ಒಂದು ತಪ್ಪು, ಇಂದು ಕೊಟ್ಟು ಒಂದು ತಪ್ಪು. ನಡುವೆ ನಲವತ್ತಾರು ವರ್ಷ ಈ ಹೆಂಗಸು ಅವರಿಗೆ ದಿನವೂ ಊಟಕ್ಕೆ ಮೊದಲು ಒಂದು ತಂಬಿಗೆ ನೀರು ತಂದಿಟ್ಟಿದ್ದಳು. ದೌಂಡಿನ ರೈಲು ಹಿಡಿಯಲು ನಸುಕಿನಲ್ಲಿ ಹೊರಡುವಾಗಲೂ, ಅವರು ಬೂಟು ಕಟ್ಟುವ ಹೊತ್ತಿಗೆ ತಂಬಿಗೆ ಬಾಗಿಲಲ್ಲಿ ಇರುತ್ತಿತ್ತು.

ಹನ್ನೆರಡಕ್ಕೆ ಸ್ಕ್ಯಾನಿಗೆ ಕರೆದೊಯ್ಯಲು ಬಂದರು. ನಳಿಗೆಯಿಂದ ಔಷಧಿ ಬಿಟ್ಟಾಗಿತ್ತು. ಶಿವರಾಜನೂ ನೀತಾಳೂ ಮಂಚದ ಎರಡು ಬದಿಯಲ್ಲಿ ಹೊರಟರು. ಶಿವಗಂಗವ್ವ ಹೋಗುತ್ತ ಗಂಡನ ಅಂಗಿಯ ಎದೆಯನ್ನು ನೋಡಿ, ಎರಡು ಬೆರಳು ಎತ್ತಿದಳು. ಎರಡೂ ಇವೆಯೇ ಎಂಬ ಪ್ರಶ್ನೆ. ಅವರು ಅಂಗಿಯ ಮೇಲೆ ಕೈ ಇಟ್ಟು ಇವೆ ಎಂದು ತಲೆಯಾಡಿಸಿದರು. ಮಂಚ ಮೂಲೆ ತಿರುಗಿತು. ಅವರು ನಡೆದದ್ದು ಇನ್ನೊಂದು ದಿಕ್ಕಿಗೆ. ಕಾರಿಡಾರಿನ ಕೊನೆಯಲ್ಲಿ ಮೇಜಿನ ಮುಂದೆ ವರದಾ ನಿಂತುಕೊಂಡೇ ಏನನ್ನೋ ಬರೆಯುತ್ತಿದ್ದಳು, ಎಡಗೈಯಲ್ಲಿ ಅರ್ಧ ತಿಂದ ವಡಾಪಾವ್. ಅವರನ್ನು ಕಂಡು ಅದನ್ನು ಕಾಗದದ ಮರೆಗೆ ಸರಿಸಿ, ಕಾಕಾ, ಸಂಜೆಯ ತನಕ ಏನೂ ಹೇಳಲಾಗದು ಎಂದಳು. ಅವರು ಅದಕ್ಕಲ್ಲ ಎಂದರು. ಕಾರ್ಖಾನೆಯಲ್ಲಿ ಮ್ಯಾನೇಜರರ ಮುಂದೆ ನಿಲ್ಲುವಂತೆ ಎರಡೂ ಕೈ ಮುಂದೆ ಕಟ್ಟಿ ನಿಂತು, ಮರಾಠಿಯಲ್ಲಿ, ಒಂದು ಮಾತು ಬಿಡದೆ ಹೇಳಿದರು. ಸೋಮವಾರ, ಬೆಳಿಗ್ಗೆ ಎಂಟೂ ಹತ್ತು, ಎರಡು ಚಮಚ, ಬೆಳ್ಳಿಯ ಬಟ್ಟಲು. ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. ಜೋಡಣೆ ಬಿಚ್ಚಿದ್ದರೆ ಅದು ನನ್ನ ಕೈಯಿಂದ. ಇದನ್ನು ಫೈಲಿನಲ್ಲಿ ಬರೆದುಕೊಳ್ಳಿ, ದೊಡ್ಡ ಡಾಕ್ಟರರಿಗೆ ಗೊತ್ತಿರಬೇಕು.

ಹುಡುಗಿ ಪೆನ್ನು ಕೆಳಗಿಟ್ಟಳು. ನೀವೂ ಆಜಿಯೂ ಮೊದಲು ಮಾತಾಡಿಕೊಂಡು ಬನ್ನಿ ಕಾಕಾ, ನಾನು ಯಾರದ್ದನ್ನು ಬರೆಯಲಿ, ಎಂದಳು.

ಅವರಿಗೆ ಅರ್ಥವಾಗಲಿಲ್ಲ.

ಸೋಮವಾರ ಸಂಜೆ ನಳಿಗೆ ಇಳಿಸಿ ನಿಮ್ಮೆಲ್ಲರನ್ನೂ ಹೊರಗೆ ಕಳಿಸಿದ ಮೇಲೆ ಆಜಿ ನನ್ನ ಕೈ ಹಿಡಿದು ಹೇಳಿದರು, ಎಂದಳು ವರದಾ. ಬಾಯಿ ಮುಕ್ಕಳಿಸಲು ಕೊಟ್ಟ ನೀರನ್ನು ತಾಳಲಾರದೆ ತಾನೇ ಎರಡು ಗುಟುಕು ನುಂಗಿದೆ ಎಂದರು. ಹೊರಗಿರುವ ನನ್ನ ಯಜಮಾನರಿಗೆ ಹೇಳಬೇಡ, ಅವರು ಬಹಳ ನಿಯಮದ ಮನುಷ್ಯರು, ನೊಂದುಕೊಳ್ಳುತ್ತಾರೆ ಎಂದು ಕೈ ಮುಗಿದರು. ನಾನು ಅವತ್ತೇ ಬರೆದಿದ್ದೇನೆ. ನೋಡಿ.

ಅವಳು ಫೈಲು ತಿರುಗಿಸಿ ತೋರಿಸಿದಳು. ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಓದಬಲ್ಲವರಾಗಿದ್ದರೂ ಮಲಕಪ್ಪನವರಿಗೆ ಅಕ್ಷರಗಳು ಕೂಡಲಿಲ್ಲ. ಹುಡುಗಿ ಮುಂದೆ ಹೇಳುತ್ತಲೇ ಇದ್ದಳು: ಎರಡು ಚಮಚ ನೀರಿನಿಂದ ಹೊಲಿಗೆ ಬಿಚ್ಚುವುದಿಲ್ಲ ಕಾಕಾ. ಮನುಷ್ಯ ಏನೂ ಕುಡಿಯದಿದ್ದರೂ ಅವನ ಜೊಲ್ಲು, ಹೊಟ್ಟೆಯ ರಸ ಎಂದು ದಿನಕ್ಕೆ ಕೊಡಗಟ್ಟಲೆ ನೀರು ಒಳಗೇ ಊರುತ್ತದೆ. ಆ ಚೀಲದಲ್ಲಿ ಇಳಿಯುತ್ತಿರುವುದು ಅದೇ. ನೀವು ಕೊಟ್ಟದ್ದು ಅದರಲ್ಲಿ ಲೆಕ್ಕಕ್ಕೇ ಇಲ್ಲ. ಹೊಟ್ಟೆ ಊದಿದ್ದು ಕರುಳು ಇನ್ನೂ ಎಚ್ಚರವಾಗಿಲ್ಲವೆಂದು. ಆದರೆ, ಎಂದು ಅವಳ ಧ್ವನಿ ಗಟ್ಟಿಯಾಯಿತು, ಕೇಳಿದಾಗ ಸುಳ್ಳು ಹೇಳಬಾರದಿತ್ತು. ಆ ಹೊತ್ತಿಗೇ ಮತ್ತೆ ಅರಿವಳಿಕೆ ಕೊಡಬೇಕಾಗಿ ಬಂದಿದ್ದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕ್ಕೆ ಏರಬಹುದಿತ್ತು. ಅದಕ್ಕಾಗಿ ಕೇಳುತ್ತೇವೆ, ಬೈಯುವುದಕ್ಕಲ್ಲ. ಮೊಮ್ಮಗಳಷ್ಟು ವಯಸ್ಸಿನವಳ ಮುಂದೆ ಅವರು ತಲೆ ತಗ್ಗಿಸಿ ಹೌದು, ಹೌದು ಎಂದರು.

ಹಿಂದಿರುಗಿ ಖಾಲಿ ಕೋಣೆಯಲ್ಲಿ ಸ್ಟೂಲಿನ ಮೇಲೆ ಕುಳಿತಾಗ ಹಗುರಾಗಬೇಕಾಗಿದ್ದ ಎದೆ ಹಗುರಾಗಿರಲಿಲ್ಲ. ಲೆಕ್ಕಕ್ಕೇ ಇಲ್ಲ ಎಂದಳಲ್ಲ. ಮೂರು ದಿನ ಅನ್ನ ಬಿಟ್ಟು ಹೊತ್ತುಕೊಂಡು ತಿರುಗಿದ ಪಾಪ ಆ ಹುಡುಗಿಯ ಕಣ್ಣಿನಲ್ಲಿ ಎರಡು ಚಮಚಕ್ಕಿಂತ ಹೆಚ್ಚಿನದಲ್ಲ. ಕೆಡುಕೂ ಮಾಡಲಿಲ್ಲ, ಒಳ್ಳೆಯದೂ ಮಾಡಲಿಲ್ಲ. ಹಾಗಾದರೆ ಅದು ತೀರ್ಥವೂ ಅಲ್ಲವೇ, ವಿಷವೂ ಅಲ್ಲವೇ? ತಾನು ಮಾಡಿದ್ದು ಇಷ್ಟು ಸಣ್ಣದು ಎಂಬುದಕ್ಕೆ ಬೇಸರಪಡುತ್ತಿರುವ ತನ್ನ ಮನಸ್ಸನ್ನು ಕಂಡು ಅವರಿಗೆ ಅಸಹ್ಯವಾಯಿತು. ಆ ಅಸಹ್ಯದ ಹಿಂದಿನಿಂದ, ನಿಧಾನವಾಗಿ, ಇನ್ನೊಂದು ಮೇಲೆ ಬಂತು. ಶಿವಗಂಗವ್ವ ಸುಳ್ಳು ಹೇಳಿದ್ದಾಳೆ. ಮೂಗಿನಲ್ಲಿ ನಳಿಗೆ ಇಟ್ಟುಕೊಂಡು, ಗಂಟಲು ಹರಿಯುತ್ತಿದ್ದಾಗ, ತನಗೆ ಬಾರದ ಹರಕು ಮರಾಠಿಯಲ್ಲಿ. ಅವಳ ಮರಾಠಿಯನ್ನು ಅವರು ವರ್ಷಗಟ್ಟಲೆ ಹಾಸ್ಯ ಮಾಡಿದ್ದರು. ತರಕಾರಿಯವಳಿಗೆ ಗಂಡಸಿನ ಕ್ರಿಯಾಪದ ಹಚ್ಚುತ್ತಾಳೆ ಎಂದು ನೆಂಟರ ಎದುರು ನಗಿಸಿದ್ದರು. ಅದೇ ಭಾಷೆಯಲ್ಲಿ ಅವಳು ತನ್ನ ಗಂಡನನ್ನು ನಿಯಮದ ಮನುಷ್ಯ ಎಂದು ಹೇಳಿ ಕಾಪಾಡಿದ್ದಳು. ಮೊದಲ ಸಲವೇನಲ್ಲ. ಅವರ ಅಣ್ಣ ಜಗಳಕ್ಕೆ ಬಂದಾಗ ಇವರು ಒಳಕೋಣೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದರೆ, ಅವರು ಬಾರಾಮತಿಗೆ ಹೋಗ್ಯಾರ್ರಿ ಎಂದು ಹೊಸ್ತಿಲಲ್ಲಿ ನಿಂತು ಹೇಳಿದವಳು. ಆಮೇಲೆ ಒಳಗೆ ಬಂದು, ಬಾರಾಮತಿಂದ ಯಾವಾಗ ಬಂದ್ರಿ, ಚಾ ಮಾಡ್ಲ್ಯಾ, ಎಂದು ಸೆರಗಿನಲ್ಲಿ ನಕ್ಕವಳು. ಸ್ಟೂಲಿನ ಮೇಲೆ ಮಲಕಪ್ಪನವರೂ ನಕ್ಕರು. ನಗುವಿನ ಕೊನೆಗೆ ಕಣ್ಣು ತುಂಬಿದ್ದನ್ನು, ಬಂದು ಬಕೆಟ್ಟು ತೆಗೆದುಕೊಂಡು ಹೋದ ಮರೆಮ್ಮ ಮಾತ್ರ ನೋಡಿದಳು.

ಸಂಜೆ ಐದಕ್ಕೆ ದೊಡ್ಡ ಡಾಕ್ಟರರು ಚಿತ್ರವನ್ನು ಬೆಳಕಿಗೆ ಹಿಡಿದು, ಜೋಡಣೆ ಗಟ್ಟಿಯಾಗಿದೆ, ಎಲ್ಲಿಯೂ ಸೋರಿಲ್ಲ ಎಂದರು. ಜ್ವರ ಬಂದದ್ದು ಹೊರಗಿನ ಗಾಯದ ಚರ್ಮದ ಕೆಳಗೆ ಕೀವು ಕೂಡಿ. ಅಲ್ಲಿಯೇ ಮಂಚದ ಮೇಲೆ ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದರು. ಅವಳು ಹಲ್ಲು ಕಚ್ಚಿ ಸಹಿಸಿದಳು. ಈ ಸಲ ಕೈ ಹಿಡಿದವರು ಮಲಕಪ್ಪನವರು. ಶಿವರಾಜ ಹೊರಗೆ ಹೋಗಿ ಕಿಟಕಿಯ ಕಟ್ಟೆಯ ಮೇಲೆ ತಲೆಯಿಟ್ಟು ನಿಂತ. ನೀತಾ ಅವನ ಬೆನ್ನ ಮೇಲೆ ಕೈ ಇಟ್ಟಳು.

ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಪೂಜೆಗೆ ಕುಳಿತಾಗ ಅವರ ಕೈ ಮತ್ತೆ ನಿಂತಿತು. ಡಾಕ್ಟರ ಮಾತು ಹೊಟ್ಟೆಯದಾಯಿತು. ತೀರ್ಥದ ಮಾತು ಯಾರೂ ಹೇಳಿರಲಿಲ್ಲ. ದಾಸವಾಳಕ್ಕೆ ನಾಲ್ಕನೆಯ ದಿನವೂ ಎರಡು ಲಿಂಗದ ತೀರ್ಥ ಸಿಕ್ಕಿತು. ಆಸ್ಪತ್ರೆಗೆ ಹೋದಾಗ ಶಿವಗಂಗವ್ವ ದಿಂಬಿಗೆ ಆತು ಕುಳಿತಿದ್ದಳು, ಹಣೆ ತಣ್ಣಗಿತ್ತು. ಶಿವರಾಜ ಸ್ನಾನಕ್ಕೆ ಮನೆಗೆ ಹೊರಟುಹೋಗಲಿ ಎಂದು ಕಾದವಳಂತೆ, ಅವನು ಬಾಗಿಲು ದಾಟಿದ ಮೇಲೆ ಗಂಡನನ್ನು ಹತ್ತಿರ ಬರಲು ಕಣ್ಣಿನಲ್ಲೇ ಕರೆದಳು. ಇವರು ಕಿವಿ ಕೊಟ್ಟರು. "ಆತ್ರಿ," ಎಂದಳು. ಏನು ಆತು ಎಂದರು. ಅವಳ ಕಿವಿಯ ತುದಿ ಕೆಂಪಾಯಿತು. "ಅದಽ ರೀ. ಗಾಳಿ. ನಸಿಕಿನ್ಯಾಗ. ಎರಡ ಸರ್ತಿ." ಮಗನಿಗೆ ಹೇಳಿಲ್ಲವಂತೆ, ಹೇಗೆ ಹೇಳುವುದು ಎಂದಳು. ನರ್ಸು ಬಂದು ಕೇಳಿದಾಗಲೂ ಮಗ ಇದ್ದನೆಂದು ಇಲ್ಲ ಎಂದು ಕೈ ಆಡಿಸಿದಳಂತೆ. ಮಲಕಪ್ಪನವರು ಎದ್ದು, ಅಂಗಿ ಸರಿಪಡಿಸಿಕೊಂಡು, ಕಾರಿಡಾರಿನ ಉದ್ದಕ್ಕೂ ನಡೆದುಹೋದರು. ಶಿವರಾಜ ಹುಟ್ಟಿದ ದಿನ ಕಾರ್ಖಾನೆಯಲ್ಲಿ ಪೇಢೆ ಹಂಚುತ್ತ ಹೀಗೆಯೇ ನಡೆದಿದ್ದರು. ಮೇಜಿನ ಮುಂದೆ ನಿಂತು ವರದಾಳಿಗೆ ಆ ಸುದ್ದಿಯನ್ನು ತಗ್ಗಿದ ಧ್ವನಿಯಲ್ಲಿ, ಸಮಯ ಮತ್ತು ಸಂಖ್ಯೆ ಸಹಿತ ಹೇಳಿದರು. ಅಷ್ಟರಲ್ಲಿ ಪಕ್ಕದ ಬಾಗಿಲಲ್ಲಿದ್ದ ಮರೆಮ್ಮ ಅದನ್ನು ಇಡೀ ಮಹಡಿಗೆ ಕೂಗಿ ಹೇಳಿಯಾಗಿತ್ತು.

ಮಧ್ಯಾಹ್ನ ನಳಿಗೆ ತೆಗೆದರು. ಸಂಜೆ ನಾಲ್ಕಕ್ಕೆ ವರದಾ ಬಂದು ಕೆಂಪು ಅಕ್ಷರದ ರಟ್ಟನ್ನು ಮಂಚದಿಂದ ಬಿಚ್ಚಿದಳು. ತಾಸಿಗೆ ಎರಡು ಚಮಚ ನೀರು, ಹೆಚ್ಚು ಬೇಡ ಎಂದಳು. ಮಲಕಪ್ಪನವರು ಅದನ್ನು ಡೈರಿಯಲ್ಲಿ ಬರೆದುಕೊಂಡು, ಬರೆದದ್ದನ್ನು ಅವಳಿಗೆ ಓದಿ ತೋರಿಸಿದರು. ಆಮೇಲೆ, ಯಾವ ನೀರು ಎಂದು ಕೇಳಿದರು. ಕಾಯಿಸಿ ಆರಿಸಿದ್ದು, ಎಂದು ಹುಡುಗಿ ಅವರ ಕೊರಳಿನ ಕಡೆ ನೋಡಿ, ಇನ್ನು ಅದು ನಿಮ್ಮ ನಿಮ್ಮ ಮಾತು ಕಾಕಾ, ಎಂದು ನಕ್ಕು ಹೋದಳು.

ಶಿವಗಂಗವ್ವ ಕೈ ಚಾಚಿದಳು. ಅವರು ಅವಳ ಕರಡಿಗೆಯನ್ನು ಕೊರಳಿಂದ ತೆಗೆದು ಕೊಟ್ಟರು. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು ತನ್ನ ಕೊರಳಿಗೆ ಹಾಕಿಕೊಂಡಳು. ತೆರೆದು ಲಿಂಗವನ್ನು ಎಡ ಅಂಗೈಯ ಮೇಲಿಡಲು ಹೋದರೆ, ಎಡಗೈಗೆ ಸಲೈನಿನ ಸೂಜಿ ಚುಚ್ಚಿ ಪಟ್ಟಿ ಸುತ್ತಿತ್ತು. ಅಂಗೈ ಮಡಚಲು ಬರುತ್ತಿರಲಿಲ್ಲ, ನೀರು ತಾಗಿಸುವಂತಿರಲಿಲ್ಲ. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಗಂಡನ ಎಡಗೈಯನ್ನು ಎಳೆದು ತನ್ನ ಮಡಿಲಿನ ಮೇಲೆ ಅಂಗಾತ ಇಟ್ಟುಕೊಂಡು, ಅದರ ಮೇಲೆ ತನ್ನ ಲಿಂಗವನ್ನು ಇಟ್ಟಳು. ವಿಭೂತಿ ಹಚ್ಚಿದಳು. ಮನೆಯಿಂದ ನೀತಾ ಕಾಯಿಸಿ ಆರಿಸಿ ತಂದಿದ್ದ ನೀರನ್ನು ಬಲಗೈಯಿಂದ ಸಣ್ಣ ಧಾರೆಯಾಗಿ ಎರೆದಳು. ತುಟಿ ಪಿಟಿಪಿಟಿ ಆಡುತ್ತಿತ್ತು. ಅವಳು ತನ್ನ ಪಟ್ಟಿ ಸುತ್ತಿದ ಕೈಯನ್ನು ಗಂಡನ ಕೈಯ ಕೆಳಗೆ ಆನಿಸಿ ಹಿಡಿದಳು. ಅಂಗೈಯ ಕುಳಿಯಲ್ಲಿ ಲಿಂಗದ ಸುತ್ತ ನೀರು ನಿಂತಿತು.

ಅವರು ಚಮಚ ತೆಗೆದುಕೊಂಡು ಅವಳ ಬಾಯಿಗೆ ಒಯ್ಯಲು ಹೋದರು. ಅವಳು ಮುಖ ಹಿಂದಕ್ಕೆ ತೆಗೆದಳು.

"ಮೊದಲ ನೀವು."

ನೀನಽ ವಾರದಿಂದ ಬಾಯಾರಿ ಕುಂತೀದಿ ಎಂದರು.

"ನಾ ಡಾಕ್ಟರ್ ಬ್ಯಾಡ ಅಂದಾರಂತ ಬಿಟ್ಟೇನಿ. ನಿಮಗ ಯಾರ ಬ್ಯಾಡ ಅಂದಾರ?" ಎಂದಳು ಶಿವಗಂಗವ್ವ. ನಳಿಗೆ ಉಜ್ಜಿ ಧ್ವನಿ ಒಡೆದಿತ್ತು. "ಸೋಮವಾರದಿಂದ ನೀವು ತಗೊಂಡಿಲ್ಲ. ಮಕ್ಕೊಂಡಽ ನೋಡೀನಿ. ಅಂಗಿ ಹೆಂಗ ಜೋತ್ಯಾಡ್ತದ ನೋಡ್ರಿ." ಸ್ವಲ್ಪ ಸುಧಾರಿಸಿಕೊಂಡು, "ಅವತ್ತ ನಾ ಕೇಳಿದ್ದೆ, ನೀವು ಕೊಟ್ರಿ. ಅದರಾಗ ಅಷ್ಟೇನದ," ಎಂದಳು.

ಅವರು ಅವಳ ಮುಖ ನೋಡಿದರು. ಮೂಗಿನ ಮೇಲೆ ನಳಿಗೆಯ ಪಟ್ಟಿ ಅಂಟಿಸಿದ್ದ ಜಾಗ ಕೆಂಪಾಗಿ ಉಳಿದಿತ್ತು. ಲಿಂಗವನ್ನು ಅವಳು ಎತ್ತಿಕೊಂಡಳು. ಅವರು ಅಂಗೈಯನ್ನು ಬಾಯಿಗೆ ತಂದು ಅರ್ಧ ಹೀರಿದರು. ನಾಲ್ಕು ದಿನದ ಮೇಲೆ ಗಂಟಲಿಗೆ ಇಳಿದದ್ದು ಉಗುರುಬೆಚ್ಚಗಿತ್ತು, ವಿಭೂತಿಯ ರುಚಿಯಿತ್ತು. ತೀರ್ಥವೋ ನೀರೋ ಎಂದು ಮನಸ್ಸು ಕೇಳುವಷ್ಟರಲ್ಲಿ ಅದು ಒಳಗೆ ಹೋಗಿಯಾಗಿತ್ತು. ಉಳಿದರ್ಧವನ್ನು ಚೆಲ್ಲದಂತೆ ಅಂಗೈಯನ್ನು ಹಾಗೆಯೇ ಹಿಡಿದುಕೊಂಡು, ಚಮಚ ಬಿಟ್ಟು, ಅವಳ ತುಟಿಗೆ ಆನಿಸಿದರು. ಶಿವಗಂಗವ್ವ ಕಣ್ಣು ಮುಚ್ಚಿದಳು. ಅವಳ ಗಂಟಲು ಒಮ್ಮೆ ಏರಿ ಇಳಿಯಿತು. ಅಂಗೈ ಖಾಲಿಯಾದ ಮೇಲೂ ಅವಳು ಮುಖವನ್ನು ಅದರಿಂದ ತೆಗೆಯಲಿಲ್ಲ. ಅವರೂ ತೆಗೆಯಲಿಲ್ಲ.

"ಎರಡ ಚಮಚದಷ್ಟಽ ಆತಲ್ರಿ?" ಎಂದಳು ಅವಳು ಅಂಗೈಯೊಳಗಿಂದಲೇ.

"ಸ್ವಲ್ಪ ಕಡಿಮಿನಽ ಆಗ್ಯದ," ಎಂದರು ಮಲಕಪ್ಪನವರು. "ಬರಕೋತೀನಿ, ತಡಿ."